ಅಂಜನ ಹುಲ್ಲಿನ ಬೀಜ ಹುಟ್ಟಲಿಲ್ಲವೇಕೆ?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಹುಲ್ಲು ತಾನಾಗಿ ಬೆಳೆಯುವ ವಸ್ತು, ಅದನ್ನು ಬಿತ್ತಿ ಬೆಳೆಯುವುದೇನಿದೆ ಎಂದು ಕೇಳುವ ಕಾಲ ಹೋಯಿತು. ಗೋಮಾಳಗಳು ಕಿರಿದಾಗಿವೆ. ಉಳಿದ ಕಾವಲುಗಳಲ್ಲಿ ದನ ಮೂತಿ ಇಟ್ಟರೆ ಹುಲ್ಲಿಗಿಂತ ಮೊದಲು ಕಲ್ಲು ಸಿಗುತ್ತದೆ. ಆದ್ದರಿಂದ ಬಯಲುಸೀಮೆಯ ರೈತರು ಹೊಲದ ಬದುಗಳ ಮೇಲೆ, ಬೆಳೆಗೆ ಒಗ್ಗದ ಕಲ್ಲುಭೂಮಿಯಲ್ಲಿ ಅಂಜನ ಹುಲ್ಲು, ಗಿನಿ ಹುಲ್ಲು, ರೋಡ್ಸ್ ಹುಲ್ಲು ಮುಂತಾದವುಗಳ ಬೀಜ ತಂದು ಬಿತ್ತುತ್ತಿದ್ದಾರೆ. ಹೀಗೆ ಬಿತ್ತಿದವರಲ್ಲಿ ಹಲವರ ದೂರು ಒಂದೇ: ಬೀಜ ಹುಟ್ಟಲಿಲ್ಲ.

ಚಳ್ಳಕೆರೆಯ ಕಡೆಯ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಎರಡು ಎಕರೆ ಗರಸು ಭೂಮಿ, ನಾಲ್ಕು ದನ, ಹತ್ತಿಪ್ಪತ್ತು ಕುರಿ. ಅಂಜನ ಹುಲ್ಲಿನ ಬೀಜ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಎರಡು ಚೀಲಗಳಿವೆ. ಒಂದು ಹಿಂದಿನ ವರ್ಷದ ಬೀಜ, ಬಣ್ಣ ಮಾಸಿದೆ. ಇನ್ನೊಂದು ನೀರಾವರಿ ತಾಕಿನಲ್ಲಿ ಮಾರ್ಚಿಯಲ್ಲಿ ಕೊಯ್ದ ಹೊಸ ಬೀಜ, ಹೊಳೆಯುತ್ತಿದೆ. ರಾಗಿ ಜೋಳ ಬೆಳೆದ ಕೈ ಯಾವುದನ್ನು ಎತ್ತಿಕೊಳ್ಳುತ್ತದೆ? ಹೊಸದನ್ನೇ. ಮೃಗಶಿರಾ ಮಳೆಗೆ ಬಿತ್ತಿದ. ಪಕ್ಕದ ಹೊಲದಲ್ಲಿ ಸಜ್ಜೆ ಸಾಲು ಕಾಣುವ ಹೊತ್ತಿಗೆ ಇವನ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಎಳೆ. ಜುಲೈ ಕೊನೆಯವರೆಗೆ ಕಾದ. ಬೀಜ ಮಾರಿದವನನ್ನು ಬೈದು, ಹೊಲವನ್ನು ಹರಗಿ ಬೇರೆ ಬೆಳೆ ಹಾಕಿದ. ಮರುವರ್ಷ ಜೂನಿನಲ್ಲಿ ಅದೇ ಹೊಲದಲ್ಲಿ ಬೆಳೆಯ ಸಾಲುಗಳ ನಡುವೆ ಅಂಜನದ ಸಸಿಗಳು ಎದ್ದವು. ಅವನ ಮನೆಯವರು ಅವನ್ನು ಕಳೆಯೆಂದು ಕಿತ್ತು ಬದುವಿಗೆ ಎಸೆದರು. ಹಣ ಹೋದದ್ದು ಒಂದು ಸಲ, ಹುಲ್ಲು ಹೋದದ್ದು ಎರಡು ಸಲ.

ಇಲ್ಲಿ ಬೀಜ ಕೆಟ್ಟದ್ದಲ್ಲ, ಮಾರಿದವನು ಮೋಸಗಾರನೂ ಅಲ್ಲ. ಬೀಜ ನಿದ್ರಿಸುತ್ತಿತ್ತು. ತೇವ, ಗಾಳಿ, ಬಿಸುಪು ಎಲ್ಲ ಇದ್ದರೂ ಜೀವಂತ ಬೀಜ ಮೊಳೆಯದೆ ಉಳಿಯುವ ಈ ಸ್ಥಿತಿಗೆ ಬೀಜದ ಸುಪ್ತಾವಸ್ಥೆ ಎನ್ನುತ್ತಾರೆ. ಹೊಸ ಬೀಜ ಒಳ್ಳೆಯದೆಂಬ ರಾಗಿಯ ಲೆಕ್ಕ ಅಂಜನದ ಮಟ್ಟಿಗೆ ತಲೆಕೆಳಗಾಗುತ್ತದೆ ಎಂಬುದೇ ಇಂದಿನ ಮಾತಿನ ತಿರುಳು.

ಹುಲ್ಲು ಹೀಗೇಕೆ ಮಾಡುತ್ತದೆ ಎಂದು ತಿಳಿಯಲು ಕಾವಲಿನ ಹುಲ್ಲಿನ ವರ್ಷವನ್ನು ನೋಡಬೇಕು. ಮುಂಗಾರಿನಲ್ಲಿ ಚಿಗುರಿದ ಹುಲ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತೆನೆ ಬಿಟ್ಟು ಬೀಜ ಉದುರಿಸುತ್ತದೆ. ಆಗ ನೆಲದಲ್ಲಿ ಇನ್ನೂ ತೇವವಿರುತ್ತದೆ. ಚಿತ್ತಾ, ಸ್ವಾತಿ ಮಳೆಗಳೂ ಬರಬಹುದು. ಉದುರಿದ ಬೀಜವೆಲ್ಲ ಆ ತೇವಕ್ಕೆ ಮೊಳೆತರೆ ಗತಿಯೇನು? ಮುಂದೆ ಡಿಸೆಂಬರಿನಿಂದ ಮೇವರೆಗೆ ಒಣಗಾಲ. ಬೆರಳುದ್ದದ ಸಸಿ ಅಷ್ಟು ತಿಂಗಳು ಬದುಕಲಾರದು. ಮೊಳೆಯದೆ ಮಲಗಿದ ಬೀಜ ಮಾತ್ರ ಉಳಿಯುತ್ತದೆ. ಬೇಸಿಗೆಯ ಬಿಸಿಲಿಗೆ ಕಾದ ಒಣ ನೆಲದ ಮೇಲೆ ಅದರ ನಿದ್ದೆ ಸ್ವಲ್ಪಸ್ವಲ್ಪವಾಗಿ ತಿಳಿಯಾಗಿ, ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತಿಗೆ ಬೀಜ ಸಿದ್ಧವಾಗಿರುತ್ತದೆ. ಬಿಸಿ ನಾಡಿನ ಹುಲ್ಲುಗಳು ಸಾವಿರಾರು ವರ್ಷಗಳಲ್ಲಿ ಕಂಡುಕೊಂಡ ವ್ಯವಸ್ಥೆ ಇದು.

ರಾಗಿ, ಜೋಳ, ಸಜ್ಜೆಗಳೂ ಹುಲ್ಲಿನ ಕುಲದವೇ. ಆದರೆ ಬಿತ್ತಿದೊಡನೆ ಹುಟ್ಟಿದ ಗಿಡದಿಂದಲೇ ರೈತ ತಲೆತಲಾಂತರದಿಂದ ಬೀಜ ಆರಿಸುತ್ತ ಬಂದ. ಮಲಗಿದ್ದ ಬೀಜಗಳ ಸಂತತಿ ಹಾಗೆಯೇ ಕಳೆದುಹೋಯಿತು. ಭತ್ತದಲ್ಲಿ ಅದರ ಒಂದು ಎಳೆ ಇನ್ನೂ ಉಳಿದಿದೆ. ಕೆಲವು ತಳಿಗಳ ಹೊಸ ಭತ್ತ ಕೊಯ್ಲಾದ ಕೆಲವು ವಾರಗಳ ಕಾಲ ಮೊಳೆಯುವುದಿಲ್ಲ. ಕೊಯ್ಲಿನ ಸಮಯದಲ್ಲಿ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಬಾರದಂತೆ ಕಾಯುವುದೂ ಇದೇ ಗುಣ. ಆದರೆ ಮುಂಗಾರಿ ಭತ್ತವನ್ನು ಹಾಗೆಯೇ ಬೇಸಿಗೆ ಬೆಳೆಗೆ ಬಿತ್ತುವವರಿಗೆ ಅದೇ ತೊಡಕಾಗುತ್ತದೆ. ಅಂಥ ಭತ್ತವನ್ನು ಪ್ರಯೋಗಾಲಯಗಳಲ್ಲಿ 50 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ ನಾಲ್ಕೈದು ದಿನ ಇಟ್ಟು ಎಬ್ಬಿಸುತ್ತಾರೆ.

ಈಗ ಅಂಜನದ ಬೀಜವನ್ನೇ ಕೈಯಲ್ಲಿ ಹಿಡಿದು ನೋಡಿ. ಬೀಜವೆಂದು ಚೀಲದಲ್ಲಿ ಬರುವುದು ನಿಜವಾಗಿ ಬರೀ ಕಾಳಲ್ಲ. ನವಿರಾದ ಸುಂಕುಗಳ ಒಂದು ಬಟ್ಟಲು. ಅದರೊಳಗೆ ಒಂದರಿಂದ ನಾಲ್ಕು ಹೂಗೊಂಚಲು. ಅವುಗಳ ಹೊಟ್ಟಿನೊಳಗೆ, ಇದ್ದರೆ, ಒಂದೆರಡು ಸಣ್ಣ ಕಾಳು. 'ಇದ್ದರೆ' ಎಂಬ ಮಾತನ್ನು ಮರೆಯಬಾರದು, ಅದರ ವಿಚಾರ ಮುಂದೆ ಬರುತ್ತದೆ. ಕಾಳಿನ ನಿದ್ದೆಗೆ ಎರಡು ಕಾರಣಗಳಿವೆ. ಮೊದಲನೆಯದು ಹೊರಗಿನ ಹೊಟ್ಟು. ಅದು ಅಂಕುರಕ್ಕೆ ಸಾಕಷ್ಟು ಆಮ್ಲಜನಕ ಸಿಗದಂತೆ ತಡೆಯುತ್ತದೆ, ಮೊಳಕೆಯನ್ನು ಅಡಗಿಸುವ ವಸ್ತುಗಳೂ ಅದರಲ್ಲಿರುತ್ತವೆ. ಎರಡನೆಯದು ಕಾಳಿನೊಳಗಿನದು. ಹೊಸ ಕಾಳಿನಲ್ಲಿ ಬೆಳವಣಿಗೆಯನ್ನು ತಡೆಹಿಡಿಯುವ ಚೋದಕದ ಕೈ ಮೇಲಾಗಿರುತ್ತದೆ, ಮುಂದೂಡುವ ಜಿಬ್ಬರೆಲಿನ್ನಿನ ಕೈ ಕೆಳಗಾಗಿರುತ್ತದೆ. ಒಣಗಿದ ಬೀಜ ಬೆಚ್ಚಗೆ ಇದ್ದಷ್ಟು ದಿನವೂ ಈ ತಕ್ಕಡಿ ಮೆಲ್ಲಗೆ ಮಗುಚುತ್ತ ಹೋಗುತ್ತದೆ.

ಹಾಗಾಗಿ ಅತ್ಯಂತ ಅಗ್ಗದ, ಅತ್ಯಂತ ನಂಬಿಕೆಯ ಉಪಾಯವೆಂದರೆ ಕಾಯುವುದು. ಅಂಜನದ ಬೀಜ ಕೊಯ್ಲಾದ ಆರು ತಿಂಗಳಿಂದ ಒಂದೂವರೆ ವರ್ಷದ ಅವಧಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಅಕ್ಟೋಬರಿನಲ್ಲಿ ಕೊಯ್ದದ್ದು ಮುಂದಿನ ಜೂನಿಗೆ ತಕ್ಕಮಟ್ಟಿಗೆ ಎಚ್ಚೆತ್ತಿರುತ್ತದೆ, ಮಾರ್ಚಿಯಲ್ಲಿ ಕೊಯ್ದದ್ದು ಅದೇ ಜೂನಿಗೆ ಇನ್ನೂ ಗಾಢ ನಿದ್ದೆಯಲ್ಲಿರುತ್ತದೆ. ಚಳ್ಳಕೆರೆಯ ರೈತ ಬಿಟ್ಟುಬಂದ ಮಾಸಿದ ಬಣ್ಣದ ಚೀಲವೇ ಅವನಿಗೆ ಬೇಕಾಗಿದ್ದ ಚೀಲ.

ಕಾಯುವುದೆಂದರೆ ಹೇಗಾದರೂ ಇಡುವುದಲ್ಲ. ಕೊಯ್ದ ಬೀಜವನ್ನು ಕಣದಲ್ಲಿ ತೆಳುವಾಗಿ ಹರಡಿ ಮೂರು ನಾಲ್ಕು ದಿನ ಚೆನ್ನಾಗಿ ಒಣಗಿಸಬೇಕು. ತೇವಾಂಶ ಶೇ. 10ಕ್ಕಿಂತ ಕೆಳಗೆ ಇಳಿದರೆ ಒಳ್ಳೆಯದು. ಬಟ್ಟೆ ಅಥವಾ ಗೋಣಿ ಚೀಲದಲ್ಲಿ ತುಂಬಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಏಪ್ರಿಲ್, ಮೇ ತಿಂಗಳ ಒಣ ಸೆಕೆ ಬೀಜಕ್ಕೆ ಹಿತವೇ. ತಗಡಿನ ಮಾಡಿನ ಕೋಣೆಯಲ್ಲಿ ಇಟ್ಟರೂ ಚಿಂತೆಯಿಲ್ಲ. ಬೀಜ ಪರೀಕ್ಷೆಯವರೂ ಅಂಜನದ ಹೊಸ ಬೀಜವನ್ನು 40 ಡಿಗ್ರಿ ಒಣ ಶಾಖದಲ್ಲಿ ಒಂದು ವಾರ ಇಟ್ಟು ಆಮೇಲೆ ಮೊಳಕೆಗೆ ಹಾಕುವುದುಂಟು. ತೇವ ಸೇರಿದ ಶಾಖವಾದರೆ ಮಾತ್ರ ಬೀಜ ಸಾಯುತ್ತದೆ. ಕೆಲವರು ಮುತುವರ್ಜಿಯಿಂದ ಬೀಜವನ್ನು ಶೀತಲಗೃಹದಲ್ಲಿ ಇಡಿಸುತ್ತಾರೆ. ತಂಪಿನಲ್ಲಿ ಬೀಜದ ಆಯುಷ್ಯ ಬೆಳೆಯುತ್ತದೆ, ನಿಜ. ಆದರೆ ನಿದ್ದೆಯೂ ಹಾಗೆಯೇ ಉಳಿಯುತ್ತದೆ. ಮುಂದಿನ ಮುಂಗಾರಿಗೆ ಬಿತ್ತುವ ಬೀಜಕ್ಕೆ ಆ ಖರ್ಚು ಬೇಡ.

ಗಿನಿ ಹುಲ್ಲಿನ ಹೊಸ ಬೀಜಕ್ಕೂ ಸುಪ್ತಾವಸ್ಥೆಯುಂಟು. ಆರು ತಿಂಗಳಿಂದ ಒಂದು ವರ್ಷದಲ್ಲಿ ಅದು ಬಹುಪಾಲು ಕಳೆಯುತ್ತದೆ. ಆದರೆ ನೀರಾವರಿಯುಳ್ಳವರು ಗಿನಿಯನ್ನು ಬೇರುಸಹಿತ ಸಸಿಬುಡ ಒಡೆದು ನೆಡುವುದೇ ರೂಢಿಯಾದ್ದರಿಂದ ಅವರಿಗೆ ಈ ತಾಪತ್ರಯವಿಲ್ಲ. ನೇಪಿಯರ್ ಸಜ್ಜೆ ಮಿಶ್ರತಳಿಯಂತೂ ಬೀಜವನ್ನೇ ಕಟ್ಟುವುದಿಲ್ಲ, ಕಾಂಡದ ತುಂಡೇ ಅದರ ಬೀಜ.

ಇನ್ನು ಕಾಯಲು ಸಮಯವಿಲ್ಲದವರ ಮಾತು. ಹೊಟ್ಟು ಬಿಡಿಸುವುದು ಮೊದಲ ದಾರಿ. ಅಂಜನದ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸಿದರೆ ಮೊಳಕೆ ಎದ್ದುಕಾಣುವಷ್ಟು ಹೆಚ್ಚುತ್ತದೆ. ಸ್ವಲ್ಪ ಬೀಜವಾದರೆ ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡುಗಳ ನಡುವೆ ಹದವಾಗಿ ಉಜ್ಜಿ ಮೊರದಲ್ಲಿ ಕೇರಬಹುದು. ಬೀಸುವ ಕಲ್ಲಿಗೆ ಹಾಕಬಾರದು, ಅಂಕುರ ಜಜ್ಜಿಹೋಗುತ್ತದೆ. ಬಿಡಿಸಿದ ಕಾಳಿಗೆ ಕವಚವಿಲ್ಲ. ಇರುವೆಗೆ ಅದು ಸಕ್ಕರೆ. ಮೊದಲ ಹದಕ್ಕೆ ಎಲ್ಲವೂ ಒಟ್ಟಿಗೆ ಮೊಳೆತು, ಮುಂದೆ ಮಳೆ ಕೈಕೊಟ್ಟರೆ ಒಟ್ಟಿಗೇ ಒಣಗುತ್ತದೆ. ಅಂಗಳದ ಮಡಿಯಲ್ಲಿ ನೀರು ಹನಿಸಿ ಸಸಿ ಎಬ್ಬಿಸಿ, ಮಳೆ ನೆಲೆನಿಂತ ಮೇಲೆ ಹೊಲಕ್ಕೆ ನಾಟಿ ಮಾಡುವವರಿಗೆ ಈ ಕ್ರಮ ಸರಿ. ಆ ವಾರ ಬಿತ್ತುವಷ್ಟನ್ನು ಮಾತ್ರ ಬಿಡಿಸಬೇಕು.

ಎರಡನೆಯ ದಾರಿ ಪೊಟ್ಯಾಸಿಯಂ ನೈಟ್ರೇಟ್. ಪ್ರಯೋಗಾಲಯಗಳಲ್ಲಿ ಬೀಜ ಮೊಳೆಯಿಸುವ ಕಾಗದವನ್ನು ಇದರ ಶೇ. 0.2ರ ದ್ರಾವಣದಲ್ಲಿ ತೋಯಿಸುತ್ತಾರೆ, ಎಂದರೆ ಲೀಟರ್ ನೀರಿಗೆ 2 ಗ್ರಾಂ. ಹನಿ ನೀರಾವರಿಯ ರೈತರು 13-0-45 ಎಂದು ಕರೆಯುವ ಗೊಬ್ಬರ ಇದೇ ವಸ್ತು. ಇದು ಬೀಜಕ್ಕೆ ಕೊಡುವ ಆಹಾರವಲ್ಲ, ಸುಳಿವು. ಬೇಸಿಗೆಯಲ್ಲಿ ಬರಿದಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಮಣ್ಣಿನಲ್ಲಿ ನೈಟ್ರೇಟ್ ಏರುತ್ತದೆ. ಪೈಪೋಟಿಗೆ ಬೇರೆ ಗಿಡವಿಲ್ಲ, ಏಳಬಹುದು ಎಂದು ಬೀಜ ಅದರಿಂದ ತಿಳಿಯುತ್ತದೆ. ಹಗಲು ರಾತ್ರಿಯ ಬಿಸಿ ತಂಪಿನ ಅಂತರವೂ, ಮೇಲುಮಣ್ಣಿನ ಬೆಳಕೂ ಇಂಥದೇ ಸುಳಿವುಗಳು. ಆಳಕ್ಕೆ ಬಿದ್ದ ಬೀಜಕ್ಕೆ ಇವು ಮುಟ್ಟುವುದಿಲ್ಲ. ನೈಟ್ರೇಟಿನ ನೀರು ಸಸಿಮಡಿಗೆ ಸರಿ, ಮಳೆಯಾಶ್ರಯದ ಎಕರೆಗಟ್ಟಲೆ ಭೂಮಿಗೆ ಆಗದ ಮಾತು.

ಜಿಬ್ಬರೆಲಿಕ್ ಆಮ್ಲವೂ ನಿದ್ದೆ ಎಬ್ಬಿಸುತ್ತದೆ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗೆ ಅದು ಪರಿಚಿತ ವಸ್ತು, ಅದರ ಬೆಲೆಯೂ ಪರಿಚಿತ. ದನದ ಮೇವಿಗೆ ಅಷ್ಟು ಸುರಿಯುವ ಅಗತ್ಯವಿಲ್ಲ. ಬ್ರೇಕಿಯೇರಿಯ ಜಾತಿಯ ಸಿಗ್ನಲ್ ಹುಲ್ಲಿನ ಬಿಗಿಯಾದ ಹೊಟ್ಟನ್ನು ಗಂಧಕಾಮ್ಲದಿಂದ ಸವೆಸುವ ಪದ್ಧತಿಯೂ ಇದೆ. ಅದು ಪಳಗಿದ ಕೈಯ ಕೆಲಸ. ಮನೆಯಲ್ಲಿ, ಮಕ್ಕಳು ಓಡಾಡುವ ಕಡೆ, ಯಾರೂ ಅದಕ್ಕೆ ಕೈಹಾಕಬಾರದು.

ವಿಸ್ತರಣಾ ಕಾರ್ಯಕರ್ತರು ಗಮನವಿಡಬೇಕಾದ ಒಂದು ತಪ್ಪು ಇಲ್ಲಿದೆ. ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜವನ್ನು ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಮೂರು ನಾಲ್ಕು ನಿಮಿಷ ಅದ್ದಿ ಬಿತ್ತಲು ಹೇಳಲಾಗುತ್ತದೆ. ಅಂಜನ ಮತ್ತು ಸ್ಟೈಲೋ ಒಟ್ಟಿಗೆ ಬಿತ್ತುವ ಬೆಳೆಗಳಾದ್ದರಿಂದ ಎರಡೂ ಬೀಜ ಒಂದೇ ಪಾತ್ರೆಗೆ ಬೀಳುವ ಸಂಭವವುಂಟು. ಸ್ಟೈಲೋದ ತೊಂದರೆ ಬೇರೆ. ಅದರ ಸಿಪ್ಪೆ ಗಟ್ಟಿ, ನೀರನ್ನೇ ಒಳಕ್ಕೆ ಬಿಡುವುದಿಲ್ಲ. ಬಿಸಿನೀರು ಆ ಬಿಗಿ ಸಡಿಲಿಸುತ್ತದೆ. ಅಂಜನದ ಹೊಟ್ಟು ನೀರನ್ನು ತಡೆಯುವುದಿಲ್ಲ. ಅದಕ್ಕೆ ಬಿಸಿನೀರು ಹಾಕಿದರೆ ಮಲಗಿದ್ದ ಬೀಜ ಬೇಯುತ್ತದೆ, ಅಷ್ಟೆ. ಸ್ಟೈಲೋವನ್ನು ಬೇರೆಯಾಗಿ ಅದ್ದಿ, ನೆರಳಲ್ಲಿ ಆರಿಸಿ, ಬಿತ್ತುವಾಗ ಮಾತ್ರ ಬೆರೆಸಬೇಕು.

ಹುಟ್ಟದ ಬೀಜವೆಲ್ಲ ಮಲಗಿದ ಬೀಜವೆಂದು ತಿಳಿದರೂ ತಪ್ಪಾದೀತು. ಹುಲ್ಲಿನ ತೆನೆ ಒಂದೇ ಸಲ ಮಾಗುವುದಿಲ್ಲ. ತುದಿಯ ಕಾಳು ಉದುರುವಾಗ ಬುಡದಲ್ಲಿ ಇನ್ನೂ ಹಾಲು. ಆದ್ದರಿಂದ ಎಂಥ ಒಳ್ಳೆಯ ತಾಕಿನ ಬೀಜದಲ್ಲೂ ಜೊಳ್ಳು ಇದ್ದೇ ಇರುತ್ತದೆ. ನಮ್ಮ ದೇಶದ ಬೀಜ ಪ್ರಮಾಣನದ ಕನಿಷ್ಠ ಮಟ್ಟವೇ ಅಂಜನಕ್ಕೆ ಶೇ. 30, ಗಿನಿಗೆ ಶೇ. 20 ಮೊಳಕೆ. ರಾಗಿ ಬೀಜಕ್ಕೆ ಒಗ್ಗಿದ ಕಣ್ಣಿಗೆ ಈ ಅಂಕಿ ನಗೆ ತರಿಸಬಹುದು. ಹೀಗಾಗಿ ಚೀಲದಲ್ಲಿ ಜೊಳ್ಳೆಷ್ಟು, ಸತ್ತದ್ದೆಷ್ಟು, ಮಲಗಿದ್ದೆಷ್ಟು ಎಂದು ಬಿತ್ತುವ ತಿಂಗಳ ಮೊದಲೇ ತಿಳಿಯಬೇಕು. ಅದಕ್ಕೆ ಯಂತ್ರ ಬೇಡ.

ಚೀಲದ ಮೇಲೆ, ನಡುವೆ, ತಳದಿಂದ ಬೀಜ ತೆಗೆದು ಬೆರೆಸಿ. ಹೊಟ್ಟು ಸಹಿತ ನೂರು ಎಣಿಸಿ ಒಂದು ಕಡೆ ಇಡಿ. ಇನ್ನೊಂದು ನೂರನ್ನು ಉಜ್ಜಿ ಕಾಳು ಬಿಡಿಸಿ ಎಣಿಸಿ. ಎರಡು ತಟ್ಟೆಗಳಲ್ಲಿ ತೊಳೆದ ಮರಳು ಹರಡಿ, ತೋಯಿಸಿ, ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೀಜ ಇಟ್ಟು, ಬೆಳಕಿರುವ ನೆರಳಿನಲ್ಲಿ ಒಣಗದಂತೆ ನೋಡಿಕೊಳ್ಳಿ. ಬಿಡಿಸಿದ ಕಾಳು ವಾರದೊಳಗೆ ತನ್ನ ಕಥೆ ಹೇಳುತ್ತದೆ. ಹೊಟ್ಟಿನ ಬೀಜಕ್ಕೆ ಪ್ರಯೋಗಾಲಯದವರು 28 ದಿನ ಕಾಯುತ್ತಾರೆ, ರೈತನೂ ಕಾಯಬೇಕು.

ಲೆಕ್ಕ ಸುಲಭವಾಗಲೆಂದು ಒಂದು ಬಟ್ಟಲಿಗೆ ಒಂದೇ ಕಾಳೆಂದು ಹಿಡಿದು ಒಂದು ಉದಾಹರಣೆ ನೋಡಿ. ನೂರು ಉಜ್ಜಿದಾಗ ಅರವತ್ತು ಕಾಳು ಸಿಕ್ಕವು, ಅಲ್ಲಿಗೆ ನಲವತ್ತು ಜೊಳ್ಳು. ಅರವತ್ತರಲ್ಲಿ ಐವತ್ತು ಮೊಳೆತವು, ಉಳಿದ ಹತ್ತು ಮೆತ್ತಗಾಗಿ ಬೂಷ್ಟು ಹಿಡಿದವು: ಸತ್ತದ್ದು ಹತ್ತು. ಹೊಟ್ಟಿನ ತಟ್ಟೆಯಲ್ಲಿ ಮೊಳೆತದ್ದು ಹನ್ನೆರಡೇ. ಹಾಗಾದರೆ ಐವತ್ತರಲ್ಲಿ ಹನ್ನೆರಡು ಕಳೆದು ಮೂವತ್ತೆಂಟು ಬೀಜ ಜೀವಂತವಾಗಿ ಮಲಗಿವೆ. ಈ ಚೀಲವನ್ನು ಬಿಸಾಡಬಾರದು, ಹಿಂದಿರುಗಿಸಲೂ ಬೇಡ, ಇನ್ನೊಂದು ವರ್ಷ ಇಡಬೇಕು. ಬದಲಾಗಿ ಬಿಡಿಸಿದ ಕಾಳೂ ಮೊಳೆಯದಿದ್ದರೆ ಬ್ಲೇಡಿನಿಂದ ಸೀಳಿ ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಆಸೆಯುಂಟು, ಕಂದಾಗಿ ಹಿಸುಕಿದರೆ ನೀರಾದರೆ ಇಲ್ಲ. ಅನುಮಾನ ತೀರದಿದ್ದರೆ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಟೆಟ್ರಜೋಲಿಯಂ ದ್ರಾವಣದಲ್ಲಿ ನೆನೆಸಿದರೆ ಜೀವಂತ ಅಂಕುರ ಕೆಂಪಾಗುತ್ತದೆ, ಮಲಗಿದ್ದರೂ ಸರಿ. ಅಂಜನ, ಗಿನಿ ಬೀಜಗಳ ವಿಚಾರದಲ್ಲಿ ಸಲಹೆ ಬೇಕಾದವರಿಗೆ ಧಾರವಾಡದಲ್ಲಿ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ.

ಬಿತ್ತುವಾಗ ಹೆಕ್ಟೇರಿಗೆ 4ರಿಂದ 5 ಕಿಲೋ ಬೀಜ ಎಂಬ ಶಿಫಾರಸು ಶೇ. 30ರಷ್ಟು ಮೊಳೆಯುವ ಬೀಜಕ್ಕೆ ಸರಿ. ಪರೀಕ್ಷೆಯಲ್ಲಿ ಹದಿನೈದೇ ಬಂದರೆ ಬೀಜ ಇಮ್ಮಡಿ ಬೇಕು. ಹಗುರ ಬೀಜ ಗಾಳಿಗೆ ಹಾರುತ್ತದೆ, ಕೈಯಿಂದ ಸರಿಯಾಗಿ ಉದುರುವುದೂ ಇಲ್ಲ. ತೇವದ ಮಣ್ಣು, ಪುಡಿ ಗೊಬ್ಬರದೊಡನೆ ಬೆರೆಸಿ, ಅರ್ಧದಿಂದ ಮುಕ್ಕಾಲು ಮೀಟರಿಗೊಂದು ಸಾಲಿನಂತೆ ಬಿತ್ತಬೇಕು. ಸೆಗಣಿ, ಜೇಡಿಮಣ್ಣಿನಲ್ಲಿ ಬೀಜ ಕಲಸಿ ಸಣ್ಣ ಗುಳಿಗೆ ಕಟ್ಟಿದರೆ ಇರುವೆಯ ಕಾಟವೂ ಕಡಿಮೆ. ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. ಮೇಲೆ ಮುಳ್ಳಿನ ಕೊಂಬೆ ಎಳೆದರೆ ಸಾಕು.

ಸುಪ್ತಾವಸ್ಥೆಯನ್ನು ಎಲ್ಲ ಕಡೆಯೂ ಶತ್ರುವೆಂದು ಕಾಣುವುದು ಮಾತ್ರ ಸರಿಯಲ್ಲ. ನೀರಾವರಿಯ ಮೇವಿನ ತಾಕಿನಲ್ಲಿ ಎಲ್ಲ ಬೀಜ ಒಟ್ಟಿಗೆ ಏಳಬೇಕು, ನಿಜ. ಕಾವಲಿನ ವಿಚಾರ ಬೇರೆ. ತಮಿಳುನಾಡಿನ ಕಾಂಗೇಯಂ ಸುತ್ತಿನಲ್ಲಿ ಕೊರಂಗಾಡು ಎಂಬ ಬೇಲಿ ಕಟ್ಟಿದ ಹುಲ್ಲುಗಾವಲುಗಳಿವೆ. ಅಲ್ಲಿನ ಹೆಸರಾದ ದನಗಳು ಮೇಯುವುದು ಅಂಜನದ ಜಾತಿಯ ಕೊಳುಕ್ಕಟ್ಟೈ ಹುಲ್ಲನ್ನೇ. ಅಂಥ ಕಡೆ ಉದುರಿದ ಬೀಜವೇ ಮುಂದಿನ ಮಳೆಯ ಬಿತ್ತನೆ. ನಮ್ಮಲ್ಲೂ ಮೃಗಶಿರಾ ಸುರಿದು ಆರಿದ್ರಾ ಪೂರ್ತಿ ಕೈಕೊಟ್ಟ ವರ್ಷಗಳೆಷ್ಟಿಲ್ಲ! ಮೊದಲ ಹದಕ್ಕೆ ಎದ್ದ ಸಸಿ ಅಂಥ ವರ್ಷ ಒಣಗುತ್ತದೆ, ಆಗ ಆಗಸ್ಟ್ ಮಳೆಗೆ ಏಳಲು ನೆಲದಲ್ಲಿ ಇನ್ನೊಂದಿಷ್ಟು ಬೀಜ ಮಲಗಿರಬೇಕು. ಗೋಮಾಳ, ಕಾವಲುಗಳಿಗೆ ಬಿತ್ತುವಾಗ ಮೂರು ಪಾಲು ಹಳೆಯ ಬೀಜಕ್ಕೆ ಒಂದು ಪಾಲು ಹೊಸ ಬೀಜ ಬೆರೆಸಿದರೆ ನಷ್ಟವಿಲ್ಲ. ಆದರೆ ಕಾಯ್ದಿಟ್ಟ ಅರಣ್ಯದ ಅಂಚಿನಲ್ಲಿ ಅಂಜನ ಬಿತ್ತುವುದು ಬೇಡ. ಇದೇ ಹುಲ್ಲು ಆಸ್ಟ್ರೇಲಿಯಾದಲ್ಲಿಯೂ ಅಮೆರಿಕದ ಅರಿಜೋನಾದಲ್ಲಿಯೂ ಹೊಲ ದಾಟಿ ಕಾಡು ಸೇರಿ, ಒಣಗಿ ಬೆಂಕಿಗೆ ಮೇವಾಗಿ, ಅಲ್ಲಿನವರಿಗೆ ತಲೆನೋವಾಗಿದೆ.

ಬೀಜ ಕೊಳ್ಳುವಾಗ ಕೇಳಬೇಕಾದ್ದು ಯಾವ ಅಂಗಡಿಗೆ ಎಂದು ಬಂತು ಎಂದಲ್ಲ, ಯಾವ ತಿಂಗಳು ಕೊಯ್ದದ್ದು ಎಂದು. ಮನೆಯ ಬೀಜವಾದರೆ ಚೀಲಕ್ಕೆ ಚೀಟಿ ಕಟ್ಟಿ ಕೊಯ್ಲಿನ ತಿಂಗಳು, ವರ್ಷ ಬರೆದಿಡಬೇಕು. ಮೂರು ವರ್ಷ ದಾಟಿದ್ದನ್ನು ಪರೀಕ್ಷಿಸದೆ ಬಿತ್ತಬಾರದು. ಈಗಾಗಲೇ ಹೊಸ ಬೀಜ ಬಿತ್ತಿ ಹೊಲ ಬರಿದಾಗಿ ಕಾಣುತ್ತಿರುವವರು ನೇಗಿಲು ಹೂಡುವ ಮುನ್ನ ಸಾಲಿನ ಒಂದು ಗೇಣು ಮಣ್ಣನ್ನು ಮೇಲಿಂದ ಕೆರೆದು ಜರಡಿ ಹಿಡಿಯಲಿ. ಸಿಕ್ಕ ಬೀಜ ಉಜ್ಜಿದಾಗ ಕಾಳು ಗಟ್ಟಿಯಾಗಿದ್ದರೆ ಆ ಹೊಲಕ್ಕೆ ದನ ಬಿಡದೆ, ಉಳದೆ, ಮುಂದಿನ ಆರಿದ್ರಾ ಮಳೆಯವರೆಗೆ ಬೇಲಿ ಕಾಯಬೇಕು. ಆಗ ಏಳುವ ಅಂಜನದ ಸಸಿಯನ್ನು ಕಳೆ ಕೀಳುವವರಿಗೆ ಮೊದಲೇ ತೋರಿಸಿರಬೇಕು.